ಮಿಸ್ಟ್‌ಬಾರ್ನ್ ಲೋಕದಲ್ಲಿ ಲೋಹ ಇಂಧನವೋ, ತೂಬೋ?

ಮಂಜುದಾರಿ, ಮಡಿಕೇರಿ

ಮೊದಲೇ ಹೇಳಿಬಿಡುತ್ತೇನೆ. ಬ್ರಾಂಡನ್ ಸ್ಯಾಂಡರ್ಸನ್ ಬರೆದ ಮಿಸ್ಟ್‌ಬಾರ್ನ್ ಸರಣಿಯ ಮೊದಲ ಮೂರು ಪುಸ್ತಕ (2006, 2007, 2008) ಮುಗಿಸದವರು ಇದನ್ನು ಈಗ ಓದಬೇಡಿ. ಗುಟ್ಟುಗಳೆಲ್ಲ ಬಯಲಾಗುತ್ತವೆ.

ನಮ್ಮ ಕಡೆ ಮಳೆ ಶುರುವಾದರೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ದಪ್ಪ ಪುಸ್ತಕ ಓದುವುದಕ್ಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಹಾಗೆ ಮೂರನ್ನೂ ಮತ್ತೆ ಓದಿದೆ. ಒಂದು ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ.

ಅಲೊಮ್ಯಾನ್ಸಿ ಗೊತ್ತಲ್ವಾ? ಲೋಹದ ಪುಡಿಯನ್ನು ನುಂಗುವುದು, ಹೊಟ್ಟೆಯೊಳಗೆ ಅದನ್ನು 'ಉರಿಸುವುದು'. ಉಕ್ಕು ಉರಿಸಿದರೆ ಸುತ್ತಲಿನ ಲೋಹವನ್ನು ತಳ್ಳಬಹುದು, ಕಬ್ಬಿಣ ಉರಿಸಿದರೆ ಎಳೆಯಬಹುದು, ತವರದಿಂದ ಕಣ್ಣು ಕಿವಿ ಚುರುಕು, ತವರ ಸೀಸ ಬೆರೆಸಿದ ಪ್ಯೂಟರ್‌ನಿಂದ ಮೈಗೆ ಬಲ. ಪುಡಿ ಖಾಲಿಯಾದರೆ ಶಕ್ತಿಯೂ ಖಾಲಿ. ಇದನ್ನು ಓದಿದವರಲ್ಲಿ ಹೆಚ್ಚಿನವರು ಲೋಹವೇ ಇಂಧನ ಅಂದುಕೊಂಡು ಮುಂದೆ ಹೋಗುತ್ತಾರೆ. ಕಥೆ ಕೂಡ ಶುರುವಿನಲ್ಲಿ ಹಾಗೇ ಅಂದುಕೊಳ್ಳಲು ಬಿಡುತ್ತದೆ.

ನನ್ನ ವಾದ ಬೇರೆ. ಲೋಹ ಇಂಧನ ಅಲ್ಲ, ತೂಬು. ನೀರು ಇರುವ ಕೆರೆ ಬೇರೆಲ್ಲೋ ಇದೆ, ಲೋಹ ತೂಬನ್ನು ಎತ್ತುತ್ತದೆ ಅಷ್ಟೆ. ಆ ಕೆರೆ ಪ್ರಿಸರ್ವೇಶನ್ ಅನ್ನುವ, ಎಲ್ಲವನ್ನೂ ಕಾಯುವ ದೇವಶಕ್ತಿ ಅಂತ ಮೂರನೇ ಪುಸ್ತಕವೇ ಹೇಳುತ್ತದೆ, ಅದರಲ್ಲಿ ಜಗಳವಿಲ್ಲ. ಆದರೂ ಇಂಧನದ ಮಾತು ಬಿಡದವರಿಗಾಗಿ ಮೂರು ವಿಷಯ ಹೇಳುತ್ತೇನೆ.

ಒಂದು, ಚಿನ್ನ. ಚಿನ್ನಕ್ಕೆ ಬೆಂಕಿ ಕೊಟ್ಟರೆ ಕರಗುತ್ತದೆಯೇ ಹೊರತು ಉರಿಯುವುದಿಲ್ಲ. ಆಮ್ಲಜನಕದ ಜೊತೆ ಸೇರಲು ಅದಕ್ಕೆ ಮನಸ್ಸೇ ಇಲ್ಲ. ಆದರೆ ಕಥೆಯಲ್ಲಿ ಚಿನ್ನವನ್ನೂ ಉರಿಸುತ್ತಾರೆ. ಉರಿಸಿದರೆ ತಾನು ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿದ್ದೆ ಅನ್ನುವ ಇನ್ನೊಂದು ರೂಪ ಎದುರಿಗೆ ಬಂದು ನಿಲ್ಲುತ್ತದೆ. ಕಥಾನಾಯಕಿ ವಿನ್ ಅದನ್ನು ನೋಡಿ ಬೆಚ್ಚುತ್ತಾಳಲ್ಲ, ಆ ಭಾಗ.

ಎರಡು, ಅಲ್ಯೂಮಿನಿಯಂ. ನಮ್ಮ ಲೋಕದಲ್ಲಿ ಒಂದು ಗ್ರಾಂ ಅಲ್ಯೂಮಿನಿಯಂ ಪೂರ್ತಿ ಉರಿದರೆ ಸುಮಾರು 31 ಕಿಲೋಜೂಲ್ ಸಿಗುತ್ತದೆ. ಕಬ್ಬಿಣಕ್ಕೆ ಸುಮಾರು 7.4 ಮಾತ್ರ. ರಾಕೆಟ್ಟಿನ ಘನ ಇಂಧನದಲ್ಲಿ ಅಲ್ಯೂಮಿನಿಯಂ ಪುಡಿ ಹಾಕುವುದು ಸುಮ್ನೆ ಅಲ್ಲ. ಲೋಹ ಇಂಧನವೇ ಆಗಿದ್ದರೆ ಅಲೊಮ್ಯಾನ್ಸಿಯಲ್ಲಿ ಅಲ್ಯೂಮಿನಿಯಂ ರಾಜನಾಗಬೇಕಿತ್ತು. ಆಗಿರುವುದೇನು? ಅದನ್ನು ಉರಿಸಿದರೆ ಹೊಟ್ಟೆಯಲ್ಲಿರುವ ಬೇರೆ ಲೋಹಗಳೂ ಅಳಿಸಿಹೋಗುತ್ತವೆ, ಬೇರೇನೂ ಸಿಗುವುದಿಲ್ಲ.

ಮೂರು, ವಿನ್‌ಳ ಗಂಡ ಎಲೆಂಡ್. ಎರಡನೇ ಪುಸ್ತಕದ ಕೊನೆಯಲ್ಲಿ ಲೆರಾಸಿಯಂ ಅನ್ನುವ ಅಪರೂಪದ ಲೋಹ ನುಂಗಿ ಅಲೊಮ್ಯಾನ್ಸರ್ ಆದ ಮೇಲೆ ಅವನ ಕೈಯಲ್ಲಿ ಅದೇ ಹಿತ್ತಾಳೆ, ಅದೇ ಸತು ವಿನ್‌ಗಿಂತ ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ. ಲೋಹ ಅದೇ, ಮನುಷ್ಯ ಬೇರೆ, ಶಕ್ತಿ ಬೇರೆ. ಹಾಗಾದರೆ ಶಕ್ತಿ ಲೋಹದಲ್ಲಿ ಇರಲಿಲ್ಲ, ಅಲ್ವಾ?

ಇಲ್ಲಿಯವರೆಗೆ ಸರಿ. ನನಗೆ ನಿದ್ದೆ ಕೆಡಿಸಿರುವುದು ಇದರ ನಂತರದ ಪ್ರಶ್ನೆ. ಲೋಹ ಬರೀ ತೂಬಾದರೆ ಅದು ಕರಗಿ ಹೋಗುವುದೇಕೆ? ತೂಬು ಎತ್ತಿದರೆ ನೀರು ಬರಬೇಕು, ತೂಬೇ ಮಾಯವಾಗಬಾರದು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಬರೆಯಿರಿ. ಉದ್ದ ಆದರೂ ಪರವಾಗಿಲ್ಲ.

ಒರೆಗಲ್ಲು, ಕುಶಾಲನಗರ

ನಾನು ಹೈಸ್ಕೂಲ್ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಚಿನ್ನ ಮತ್ತು ಅಲ್ಯೂಮಿನಿಯಂ ವಾದ ಗಟ್ಟಿ ಇದೆ, ಒಪ್ಪಿದೆ. ಆದರೆ ಉಕ್ಕನ್ನು ಮಾತ್ರ ನೋಡಿದರೆ ಇಂಧನದ ಲೆಕ್ಕ ಅಷ್ಟೇನೂ ಕೆಟ್ಟದಾಗಿಲ್ಲ ಅನ್ನುವುದನ್ನೂ ಹೇಳಬೇಕು. 60 ಕಿಲೋ ತೂಕದವರನ್ನು 10 ಮೀಟರ್ ಮೇಲೆತ್ತಲು ಬೇಕಿರುವುದು ಸುಮಾರು 6 ಕಿಲೋಜೂಲ್. ಒಂದು ಗ್ರಾಂ ಕಬ್ಬಿಣದಲ್ಲಿ 7.4 ಇದೆ. ಹತ್ತಿರ ಹತ್ತಿರ ಸರಿಹೋಗುತ್ತದೆ! ಲೇಖಕರು ಈ ಲೆಕ್ಕ ಹಾಕಿ ಬರೆದಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಆದರೆ ಓದುಗರಿಗೆ ಇಂಧನ ಅನ್ನಿಸುವುದು ಯಾಕೆ ಅನ್ನುವುದಕ್ಕೆ ಇದು ಸಾಕು.

ನನಗೆ ಈ ಸರಣಿಯಲ್ಲಿ ತುಂಬಾ ಇಷ್ಟವಾದದ್ದು ನಾಣ್ಯದ ಲೆಕ್ಕ. ಇದನ್ನು ಇಲ್ಲಿ ಇನ್ನೂ ಯಾರೂ ಬಿಡಿಸಿ ಬರೆದಿಲ್ಲ, ಆದ್ದರಿಂದ ಬರೆಯುತ್ತೇನೆ.

ವಿನ್ ನೆಲಕ್ಕೆ ನಾಣ್ಯ ಎಸೆದು ಅದನ್ನು ತಳ್ಳಿ ಗಾಳಿಯಲ್ಲಿ ನಿಲ್ಲುತ್ತಾಳೆ. ಅವಳು 60 ಕಿಲೋ ಅಂತ ಇಟ್ಟುಕೊಳ್ಳಿ (ಕಥೆಯಲ್ಲಿ ಅದಕ್ಕಿಂತ ಕಡಿಮೆಯೇ ಇರಬೇಕು, ತೀರಾ ಸಣ್ಣ ಹುಡುಗಿ). ಗಾಳಿಯಲ್ಲಿ ನಿಲ್ಲಲು ಸುಮಾರು 600 ನ್ಯೂಟನ್ ಬಲ ಬೇಕು. ಈಗ ಅಷ್ಟೇ ಬಲವನ್ನು ಯಾವುದಕ್ಕೂ ತಾಗದೆ ಗಾಳಿಯಲ್ಲಿರುವ ನಾಣ್ಯದ ಮೇಲೆ ಹಾಕಿ. ನಮ್ಮ ಹಳೆಯ ದಪ್ಪ ಐದು ರೂಪಾಯಿ ನಾಣ್ಯ 9 ಗ್ರಾಂ. ಒಂದೇ ಒಂದು ಮೀಟರ್ ದೂರ ಆ ಬಲ ಅದನ್ನು ತಳ್ಳಿದರೆ ನಾಣ್ಯದ ವೇಗ ಸೆಕೆಂಡಿಗೆ 365 ಮೀಟರ್ ಆಗುತ್ತದೆ. ಅದು ಪಿಸ್ತೂಲಿನ ಗುಂಡಿನ ವೇಗ!

ಅಂದರೆ ನೋಡಿ, ಗಾಳಿಯಲ್ಲಿ ನಿಲ್ಲುವುದಕ್ಕೂ ನಾಣ್ಯವನ್ನು ಗುಂಡಿನ ಹಾಗೆ ಹಾರಿಸುವುದಕ್ಕೂ ಬೇರೆ ಬೇರೆ ಮಂತ್ರ ಬೇಕಾಗಿಲ್ಲ. ಒಂದೇ ಬಲ. ನಾಣ್ಯ ನೆಲಕ್ಕೆ ಒತ್ತಿಕೊಂಡಿದ್ದರೆ ನೀವು ಹಾರುತ್ತೀರಿ, ಬಿಡಿಯಾಗಿದ್ದರೆ ನಾಣ್ಯ ಹಾರುತ್ತದೆ. ಇದನ್ನು ಕಂಡುಕೊಂಡ ದಿನ ನನಗೆ ಆದ ಖುಷಿ ಹೇಳಲಿಕ್ಕಾಗದು. ಮಾರನೇ ದಿನ ಕ್ಲಾಸಿನಲ್ಲಿ ನ್ಯೂಟನ್ನನ ಮೂರನೇ ನಿಯಮಕ್ಕೆ ಇದೇ ಉದಾಹರಣೆ ಕೊಟ್ಟೆ, ಹಿಂದಿನ ಬೆಂಚಿನವರೂ ತಲೆ ಎತ್ತಿ ಕೇಳಿದರು.

ಕೋವಿಮನೆ, ಗೋಣಿಕೊಪ್ಪ

ಒರೆಗಲ್ಲು ಅವರೇ, ನಾಣ್ಯ ಗುಂಡಿನ ವೇಗದಲ್ಲಿ ಹೋದರೆ ತಳ್ಳಿದವರಿಗೆ ಒದೆತ ಬರಬೇಕಲ್ಲ? ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದು ನಮ್ಮಲ್ಲಿ ಇದೆ, ಕೋವಿ ಭುಜಕ್ಕೆ ಹೇಗೆ ಒದೆಯುತ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ವಿನ್ ಮಾತ್ರ ನಾಣ್ಯದ ಮೇಲೆ ನಾಣ್ಯ ಹಾರಿಸುತ್ತಾ ಅಲುಗಾಡದೆ ನಿಂತಿರುತ್ತಾಳೆ.

ಒರೆಗಲ್ಲು, ಕುಶಾಲನಗರ

ಬರುತ್ತದೆ, ಆದರೆ ತುಂಬಾ ಕಡಿಮೆ. 9 ಗ್ರಾಂ ನಾಣ್ಯ 365 ಮೀಟರ್ ವೇಗದಲ್ಲಿ ಹೋದರೆ 60 ಕಿಲೋ ಮೈಗೆ ಹಿಂದಕ್ಕೆ ಸಿಗುವ ವೇಗ ಸೆಕೆಂಡಿಗೆ 5 ಸೆಂಟಿಮೀಟರ್ ಚಿಲ್ಲರೆ. ಅದೂ ತಳ್ಳುವ ಕೆಲಸ ಒಂದು ಸೆಕೆಂಡಿನ 180ನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಕೋವಿಯಲ್ಲಿ ಒದೆತ ಜಾಸ್ತಿ ಅನ್ನಿಸುವುದು ನಾಲ್ಕು ಕಿಲೋ ಕೋವಿ ಮೊದಲು ಹಿಂದಕ್ಕೆ ಬಂದು ಭುಜದ ಒಂದೇ ಜಾಗಕ್ಕೆ ಗುದ್ದುವುದರಿಂದ. ಅಲೊಮ್ಯಾನ್ಸಿಯಲ್ಲಿ ತಳ್ಳುವ ಗೆರೆ ಹೊರಡುವುದು ಮೈಯ ನಡುವಿನಿಂದ, ಎದೆಯ ಹತ್ತಿರದಿಂದ. ಒದೆತ ಇಡೀ ಮೈಗೆ ಹಂಚಿಹೋಗುತ್ತದೆ.

ಆದರೆ ನಾಣ್ಯ ಹೋಗಿ ಗೋಡೆಗೆ ಅಥವಾ ಎದುರಾಳಿಯ ಮೈಗೆ ತಾಗಿದ ಮೇಲೂ ತಳ್ಳುತ್ತಲೇ ಇದ್ದರೆ ಕಥೆ ಬದಲಾಗುತ್ತದೆ. ಆಗ ಆ 600 ನ್ಯೂಟನ್ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ, ಅರ್ಧ ಸೆಕೆಂಡಿನಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದಕ್ಕೆ ಹಾರುತ್ತೀರಿ. ಪುಸ್ತಕದ ಜಗಳಗಳಲ್ಲಿ ಹೀಗೇ ಆಗುತ್ತದೆ. ಇಬ್ಬರು ಒಂದೇ ನಾಣ್ಯವನ್ನು ಎರಡು ಕಡೆಯಿಂದ ತಳ್ಳಿದಾಗ ಹಗುರ ಇರುವವರು ಹಾರಿಹೋಗುತ್ತಾರೆ. ವಿನ್ ಯಾವಾಗಲೂ ಸೋಲುವುದು ಅಲ್ಲೇ, ಆಮೇಲೆ ಅವಳು ಹೊಸ ಉಪಾಯ ಕಲಿಯುವುದೂ ಅದರಿಂದಲೇ.

ಪಕ್ಕದ ಮಾತು ಒಂದು. 2011ರಿಂದ ಬಂದ ಎರಡನೇ ಸರಣಿಯಲ್ಲಿ ನಾಯಕ ವ್ಯಾಕ್ಸ್ ತನ್ನ ತೂಕವನ್ನು ಕಬ್ಬಿಣದಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯುತ್ತಾನಲ್ಲ, ಅದು ಬರೀ ತೂಕವೋ ದ್ರವ್ಯರಾಶಿಯೋ ಅಂತ ಓದುಗರು ವರ್ಷಗಟ್ಟಲೆ ಕಿತ್ತಾಡಿದ್ದಾರೆ. ನನ್ನ ಓಟು ದ್ರವ್ಯರಾಶಿಗೆ. ಬರೀ ಭೂಮಿಯ ಎಳೆತ ಜಾಸ್ತಿಯಾದರೆ ಅಡ್ಡಡ್ಡಕ್ಕೆ ತಳ್ಳುವಾಗ ಅವನಿಗೆ ಅಷ್ಟು ಲಾಭ ಆಗಬಾರದು. ಆದರೆ ಭಾರವಾದಾಗ ಅವನು ಎದುರಿಗಿರುವುದನ್ನು ತಳ್ಳಿ ತಾನು ಜಗ್ಗದೆ ನಿಲ್ಲುತ್ತಾನೆ. ಅದಕ್ಕೆ ಜಡತ್ವವೇ ಹೆಚ್ಚಬೇಕು. ಇದು ಇಲ್ಲಿಗೆ ಸಾಕು, ಮಂಜುದಾರಿ ಅವರ ಪ್ರಶ್ನೆ ಹಾದಿ ತಪ್ಪುತ್ತದೆ.

ಕಂಚಿನಗಂಟೆ, ಸೋಮವಾರಪೇಟೆ

ನಾನು ಈ ಚರ್ಚೆಗೆ ಬಂದದ್ದು ಲೋಹದ ಕಡೆಯಿಂದ. ನಮ್ಮದು ಪಾತ್ರೆ ವ್ಯಾಪಾರದ ಮನೆ, ಚಿಕ್ಕಂದಿನಿಂದ ಕಂಚು, ಹಿತ್ತಾಳೆ, ತಾಮ್ರ ಮುಟ್ಟಿಯೇ ಬೆಳೆದವಳು.

ಎಲ್ಲರೂ ಶಕ್ತಿ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಯಾವ ಲೋಹಕ್ಕೆ ಯಾಕೆ ಆ ಶಕ್ತಿ ಅಂತ ಯಾರೂ ಕೇಳುವುದಿಲ್ಲ. ಹದಿನಾರು ಲೋಹ ಇವೆ, ಜೋಡಿ ಜೋಡಿಯಾಗಿ. ಒಂದು ಶುದ್ಧ ಲೋಹ, ಅದರ ಜೊತೆಗೆ ಅದರದೇ ಮಿಶ್ರಲೋಹ. ಕಬ್ಬಿಣಕ್ಕೆ ಉಕ್ಕು, ತವರಕ್ಕೆ ಪ್ಯೂಟರ್, ಸತುವಿಗೆ ಹಿತ್ತಾಳೆ, ತಾಮ್ರಕ್ಕೆ ಕಂಚು. ಶುದ್ಧ ಲೋಹ ಎಳೆಯುತ್ತದೆ, ಮಿಶ್ರಲೋಹ ತಳ್ಳುತ್ತದೆ. ಇದು ಪಟ್ಟಿಯ ವಿಷಯ, ಎಲ್ಲರಿಗೂ ಗೊತ್ತಿದೆ.

ನನಗೆ ಹೊಳೆದದ್ದು ಕಂಚಿನ ವಿಷಯ. ಕಥೆಯಲ್ಲಿ ಕಂಚು ಉರಿಸಿದವರಿಗೆ ಹತ್ತಿರದಲ್ಲಿ ಬೇರೆ ಯಾರಾದರೂ ಲೋಹ ಉರಿಸುತ್ತಿದ್ದರೆ ಅದು ಮಿಡಿತವಾಗಿ ಗೊತ್ತಾಗುತ್ತದೆ. ತಾಳದ ಹಾಗೆ ಬಡಿಯುತ್ತದೆ, ಒಂದೊಂದು ಲೋಹಕ್ಕೆ ಒಂದೊಂದು ಲಯ. ಈಗ ನಮ್ಮ ಗಂಟೆ ಯಾವುದರದ್ದು? ಕಂಚಿನದ್ದು. ತಾಮ್ರಕ್ಕೆ ತವರ ಸುಮಾರು ಐದನೇ ಒಂದು ಪಾಲು ಸೇರಿಸಿದರೆ ಅದು ನಾದ ಕೊಡುತ್ತದೆ, ತುಂಬಾ ಹೊತ್ತು ಮೊಳಗುತ್ತದೆ. ಬರೀ ತಾಮ್ರದ ತಟ್ಟೆ ಬಡಿದು ನೋಡಿ, ಮಂಕು ಸದ್ದು. ಕಥೆಯಲ್ಲೂ ತಾಮ್ರದ ಕೆಲಸ ಮಿಡಿತವನ್ನು ಮುಚ್ಚಿಡುವುದು! ತಾಮ್ರ ಮುಚ್ಚುತ್ತದೆ, ಕಂಚು ಕೇಳಿಸುತ್ತದೆ. ಇದನ್ನು ನೋಡಿದ ಮೇಲೆ ಲೋಹದ ಸ್ವಭಾವಕ್ಕೂ ಶಕ್ತಿಗೂ ಸಂಬಂಧವೇ ಇಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಎಲ್ಲ ಲೋಹಕ್ಕೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ, ಸತುವಿಗೂ ಮನಸ್ಸು ಕೆರಳಿಸುವುದಕ್ಕೂ ಏನು ನಂಟು ಅಂತ ನನಗೆ ಸಿಕ್ಕಿಲ್ಲ. ಆದರೆ ಈ ಜೋಡಿ ಕೇಳಿದ ಹಾಗೆ ಕೂತಿದೆ.

ಇನ್ನೊಂದು ವಿಷಯ ಬೆರಕೆಯ ಲೆಕ್ಕ. ಪ್ಯೂಟರ್‌ಗೆ 91 ಪಾಲು ತವರ, 9 ಪಾಲು ಸೀಸ ಅಂತ ವಿನ್‌ಳ ಗುರು ಕೆಲ್ಸಿಯರ್ ಅವಳಿಗೆ ಹೇಳಿಕೊಡುತ್ತಾನೆ. ಲೆಕ್ಕ ತಪ್ಪಿದ ಬೆರಕೆ ಉರಿಸಿದರೆ ಕಾಯಿಲೆ ಬೀಳುತ್ತಾರೆ. ಬರೀ ಇಂಧನವಾದರೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಸ್ವಲ್ಪ ಶಕ್ತಿ ಬರಬೇಕಿತ್ತು. ಮಂಜುದಾರಿ ಅವರ ತೂಬಿನ ಮಾತಿಗೆ ಇದು ನನ್ನ ಕಡೆಯ ಸಾಕ್ಷಿ.

ಹಳೇಕಡತ, ವಿರಾಜಪೇಟೆ

ಲೋಹಕ್ಕೆ ಈ ಕಥೆಯಲ್ಲಿ ಇನ್ನೊಂದು ಕೆಲಸ ಇದೆ. ಅದನ್ನು ಬಿಟ್ಟು ಉತ್ತರ ಹುಡುಕಿದರೆ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ರೂಯಿನ್ ಅನ್ನುವ ನಾಶದ ಶಕ್ತಿ ಕಾಗದದ ಮೇಲಿನ ಬರಹ ಬದಲಿಸಬಲ್ಲದು, ನೆನಪುಗಳ ಮೇಲೆ ಕಟ್ಟಿದ ದಾಖಲೆಗಳನ್ನೂ ತಿರುಚಬಲ್ಲದು. ಲೋಹದ ಮೇಲೆ ಕೊರೆದದ್ದನ್ನು ಮಾತ್ರ ಅದು ಮುಟ್ಟಲಾರದು, ಓದಲೂ ಆರದು. ಹಳೆಯ ಕಾಲದ ವಿದ್ವಾಂಸ ಕ್ವಾನ್ ತನ್ನ ಮಾತನ್ನು ಉಕ್ಕಿನಲ್ಲಿ ಕೊರೆದದ್ದು ಅದಕ್ಕೇ. ಮೂರನೇ ಪುಸ್ತಕದಲ್ಲಿ ಲೋಹದ ತಗಡಿನ ಮೇಲೆ ಬರೆದು ಕಳಿಸುವ ಪತ್ರಕ್ಕೆ ಎಷ್ಟು ಬೆಲೆ ತೆರುತ್ತಾರೆ ನೆನಪಿದೆಯಲ್ವಾ?

ನನಗೆ ಇದನ್ನು ಓದುವಾಗ ಮಡಿಕೇರಿ ತಾಮ್ರಶಾಸನ ನೆನಪಾಗದೆ ಇರಲಿಲ್ಲ. ಗಂಗರ ಅವಿನೀತನದು ಅಂತ ಹೇಳುವ ಶಾಸನ, ಶಕ 388, ಅಂದರೆ ಕ್ರಿ.ಶ. 466 ಅಂತ ಎಣಿಸುತ್ತಾರೆ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳ ಸಂಪುಟ ತಂದರು, ಅದರಲ್ಲಿ ಇದೆ. ಆದರೆ ಆ ಕಾಲವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಇದು ಆಮೇಲೆ ಯಾವಾಗಲೋ ಬರೆಸಿ ಹಿಂದಿನ ಕಾಲ ಹಾಕಿದ್ದು ಅನ್ನುವವರೂ ಇದ್ದಾರೆ. ತಾಮ್ರದ ಮೇಲೆ ಕೊರೆದ ಅಕ್ಷರ ಅಳಿಸಿಹೋಗಿಲ್ಲ, ಒಂದೂ ಬದಲಾಗಿಲ್ಲ. ಆದರೂ ಅದರ ಮೇಲೆ ನಂಬಿಕೆ ಇಡುವುದೋ ಬೇಡವೋ ಅನ್ನುವ ಜಗಳ ಇದ್ದೇ ಇದೆ. ಲೋಹ ಬರೆದದ್ದನ್ನು ಕಾಯುತ್ತದೆ. ಬರೆದವನು ನಿಜ ಹೇಳಿದನೋ ಇಲ್ಲವೋ ಅನ್ನುವುದನ್ನು ಕಾಯುವುದಿಲ್ಲ. ಕ್ವಾನ್‌ನ ಉಕ್ಕಿನ ಬರಹವನ್ನು ವಿನ್‌ಳ ಗೆಳೆಯ, ವಿದ್ವಾಂಸ ಸೇಝಡ್ ಎಷ್ಟು ಸಲ ಅನುಮಾನದಿಂದ ಓದುತ್ತಾನೆ ನೋಡಿ, ಅವನಿಗೂ ಇದೇ ಕಷ್ಟ.

ಈಗ ಮಂಜುದಾರಿ ಅವರ ಪ್ರಶ್ನೆಗೆ ಬರುತ್ತೇನೆ. ರೂಯಿನ್‌ಗೆ ಲೋಹ ಕಣ್ಣು ಕುಕ್ಕುವ ಬೆಳಕಿನ ಹಾಗೆ ಕಾಣುತ್ತದೆ. ಯಾಕೆ? ಲೋಹದಲ್ಲಿ ಆ ದೇವಶಕ್ತಿಗಳದೇ ಏನೋ ಅಂಶ ಸೇರಿಕೊಂಡಿರಬೇಕು. ಹಾಗಾಗಿ ಅಲೊಮ್ಯಾನ್ಸಿಯಲ್ಲಿ ಖಾಲಿಯಾಗುವುದು ಲೋಹದೊಳಗಿನ ಆ ಅಂಶ, ಅದು ಹೋದ ಮೇಲೆ ಲೋಹ ಲೋಹವಾಗಿ ಉಳಿಯಲಾರದು. ಇದು ನನ್ನ ಊಹೆ.

ಮಂಜುದಾರಿ, ಮಡಿಕೇರಿ

ತಾಮ್ರಶಾಸನದ ಮಾತು ತುಂಬಾ ಚೆನ್ನಾಗಿ ಹೇಳಿದಿರಿ. ನನ್ನ ಮನಸ್ಸಿನಲ್ಲಿದ್ದ ಥಿಯರಿ ನಿಮ್ಮದಕ್ಕೆ ಹತ್ತಿರವೇ ಇದೆ, ಆದರೆ ಇನ್ನೊಂದು ಹೆಜ್ಜೆ ಮುಂದೆ.

ಆ ಲೋಕವನ್ನು ಮಾಡಿದ್ದು ಪ್ರಿಸರ್ವೇಶನ್ ಒಬ್ಬನೇ ಅಲ್ಲ. ಕಾಯುವ ಶಕ್ತಿಗೆ ಹೊಸದು ಮಾಡಲು ಬರುವುದಿಲ್ಲ, ನಾಶದ ಶಕ್ತಿಗೂ ಒಂಟಿಯಾಗಿ ಮಾಡಲು ಬರುವುದಿಲ್ಲ. ಇಬ್ಬರೂ ಒಪ್ಪಂದ ಮಾಡಿಕೊಂಡು ಲೋಕ ಮಾಡಿದರು. ಹಾಗಾದರೆ ಪ್ರಿಸರ್ವೇಶನ್‌ನ ಶಕ್ತಿ ಲೋಕದೊಳಗೆ ಬರುವಾಗಲೆಲ್ಲ ರೂಯಿನ್‌ಗೆ ಒಂದು ಪಾಲು ಸಲ್ಲಬೇಕು. ಆ ಪಾಲೇ ಕರಗಿಹೋಗುವ ಲೋಹ. ತೂಬು ಎತ್ತಿದ್ದಕ್ಕೆ ಸುಂಕ. ನಾಶವಿಲ್ಲದೆ ಆ ಲೋಕದಲ್ಲಿ ಯಾವ ಕೆಲಸವೂ ನಡೆಯಬಾರದು ಅನ್ನುವುದು ಒಪ್ಪಂದದಲ್ಲೇ ಇದೆ.

ಇದು ನನಗೆ ತುಂಬಾ ಇಷ್ಟವಾದ ವಿವರಣೆ. ಕಥೆಯ ಒಟ್ಟು ಭಾವಕ್ಕೆ ಹೊಂದುತ್ತದೆ.

ಗದ್ದೆಬದು, ಪೊನ್ನಂಪೇಟೆ

ಮಂಜುದಾರಿ, ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಹೀಮಲರ್ಜಿಯನ್ನು ನೋಡಿ.

ಮೂರು ವಿದ್ಯೆ ಇವೆ ಆ ಲೋಕದಲ್ಲಿ. ಅಲೊಮ್ಯಾನ್ಸಿ ಪ್ರಿಸರ್ವೇಶನ್‌ದು, ಅದರಲ್ಲಿ ಶಕ್ತಿ ಹೆಚ್ಚುತ್ತದೆ. ತನ್ನದೇ ಬಲ, ಆರೋಗ್ಯವನ್ನು ಲೋಹದಲ್ಲಿ ತುಂಬಿಟ್ಟು ಆಮೇಲೆ ತೆಗೆಯುವ ಫೆರುಕೆಮಿ ಇಬ್ಬರ ಸಮತೋಲದ್ದು, ಅದರಲ್ಲಿ ಇಟ್ಟಷ್ಟೇ ಸಿಗುತ್ತದೆ. ಹೀಮಲರ್ಜಿ ಪೂರ್ತಿ ರೂಯಿನ್‌ದು, ಅದರಲ್ಲಿ ಶಕ್ತಿ ಸೋರುತ್ತದೆ. ಒಬ್ಬನ ಎದೆಗೆ ಲೋಹದ ಮೊಳೆ ಹೊಡೆದು ಕೊಂದು, ಅದೇ ಮೊಳೆಯನ್ನು ಇನ್ನೊಬ್ಬನ ಮೈಗೆ ಹೊಡೆದರೆ ಸತ್ತವನ ಶಕ್ತಿ ಇವನಿಗೆ ಬರುತ್ತದೆ, ಸ್ವಲ್ಪ ಕಳೆದುಕೊಂಡು.

ರೂಯಿನ್‌ಗೆ ಲೋಹವೇ ಸುಂಕ ಆಗಿದ್ದರೆ, ಅವನದೇ ವಿದ್ಯೆಯಲ್ಲಿ ಮೊಳೆ ಮೊದಲು ಮಾಯವಾಗಬೇಕಿತ್ತು. ಆಗುವುದಿಲ್ಲ. ಚಕ್ರವರ್ತಿ ಲಾರ್ಡ್ ರೂಲರ್‌ನ ಬಂಟರಾದ ಇನ್‌ಕ್ವಿಸಿಟರ್‌ಗಳು ಕಣ್ಣಿನಲ್ಲಿ ಮೊಳೆ ಇಟ್ಟುಕೊಂಡು ನೂರಾರು ವರ್ಷ ತಿರುಗಾಡಿದ್ದಾರೆ. ದೈತ್ಯ ಕೊಲೊಸ್‌ಗಳ ಮೈಯಲ್ಲಿ ನಾಲ್ಕು ಮೊಳೆ, ರೂಪ ಬದಲಿಸುವ ಕ್ಯಾಂಡ್ರಾಗಳಲ್ಲಿ ಎರಡು, ಎಲ್ಲ ಹಾಗೇ ಇವೆ. ವಿನ್‌ಳ ಕಿವಿಯೋಲೆ ಕೂಡ ಅಂಥ ಮೊಳೆಯೇ ಅಂತ ಕೊನೆಗೆ ತಿಳಿಯಿತಲ್ಲ. ಅದು ಮಗುವಾಗಿದ್ದಾಗಿನಿಂದ ಅವಳ ಕಿವಿಯಲ್ಲೇ ಇತ್ತು. ಚೂರೂ ಸವೆಯಲಿಲ್ಲ.

ಹಳೇಕಡತ ಅವರ ಊಹೆಗೂ ಇದೇ ತೊಂದರೆ. ಲೋಹದೊಳಗಿನ ದೈವಾಂಶ ಬಳಸಿದರೆ ಖಾಲಿಯಾಗುತ್ತದೆ ಅಂದರೆ ಮೊಳೆಯಲ್ಲಿ ಯಾಕೆ ಖಾಲಿಯಾಗುವುದಿಲ್ಲ? ಫೆರುಕೆಮಿಯ ಬಳೆಗಳಲ್ಲಿ ಯಾಕೆ ಖಾಲಿಯಾಗುವುದಿಲ್ಲ? ಸೇಝಡ್ ಅದೇ ಬಳೆಗೆ ಬಲ ತುಂಬುತ್ತಾನೆ, ತೆಗೆಯುತ್ತಾನೆ, ಮತ್ತೆ ತುಂಬುತ್ತಾನೆ.

ಇದಕ್ಕೆ ನನ್ನ ಉತ್ತರ ಇದು. ಮೂರು ವಿದ್ಯೆಯಲ್ಲೂ ಶಕ್ತಿ ಯಾರದು ಅಂತ ಕೇಳಿಕೊಳ್ಳಿ. ಫೆರುಕೆಮಿಯಲ್ಲಿ ನಿಮ್ಮದೇ. ಹೀಮಲರ್ಜಿಯಲ್ಲಿ ಸತ್ತವನದು. ಎರಡರಲ್ಲೂ ಶಕ್ತಿ ಮೊದಲೇ ಲೋಕದೊಳಗೆ ಇತ್ತು, ಒಬ್ಬರ ಮೈಯಲ್ಲಿ ಇತ್ತು, ಜಾಗ ಬದಲಾಯಿಸಿತು ಅಷ್ಟೆ. ಲೋಹ ಅದನ್ನು ಹಿಡಿದಿಟ್ಟುಕೊಂಡಿತು. ಅಲೊಮ್ಯಾನ್ಸಿಯಲ್ಲಿ ಮಾತ್ರ ಲೋಕದಲ್ಲಿ ಇಲ್ಲದೇ ಇದ್ದ ಶಕ್ತಿ ಆಚೆಯಿಂದ ಒಳಗೆ ಬರುತ್ತದೆ. ಲೋಹ ಮಾಯವಾಗುವುದೂ ಅಲ್ಲಿ ಮಾತ್ರ. ಈ ಎರಡು ಸಂಗತಿ ಯಾವಾಗಲೂ ಒಟ್ಟಿಗೇ ಬರುತ್ತವೆ ಅಂದ ಮೇಲೆ ಕಾರಣ ಅಲ್ಲೇ ಇರಬೇಕು. ಆಚೆಯಿಂದ ಏನಾದರೂ ಒಳಗೆ ಬರಬೇಕಾದರೆ ಒಳಗಿನದು ಏನಾದರೂ ಆಚೆ ಹೋಗಬೇಕು. ಲೋಹ ನಾಶವಾಗುವುದಿಲ್ಲ, ಆಚೆ ಹೋಗುತ್ತದೆ. ರೂಯಿನ್‌ಗೆ ಇಲ್ಲಿ ಯಾವ ಪಾಲೂ ಇಲ್ಲ.

ಕೋವಿಮನೆ, ಗೋಣಿಕೊಪ್ಪ

ಗದ್ದೆಬದು, ಏಟಿಯಂ ಅನ್ನುವ ಲೋಹದ ಕಥೆ ಏನು? ಅದನ್ನು ಉರಿಸಿದರೆ ಅದೂ ಖಾಲಿಯಾಗುತ್ತದೆ, ಆದರೆ ಅದು ರೂಯಿನ್‌ನ ಮೈಯೇ ಅಲ್ವಾ? ಅದರ ಶಕ್ತಿ ಆಚೆಯಿಂದ ಬರಬೇಕಾಗಿಲ್ಲ, ಲೋಹದೊಳಗೇ ಇದೆ. ನಿಮ್ಮ ನಿಯಮದ ಪ್ರಕಾರ ಅದು ಉಳಿಯಬೇಕಿತ್ತು.

ಗದ್ದೆಬದು, ಪೊನ್ನಂಪೇಟೆ

ಒಳ್ಳೇ ಪ್ರಶ್ನೆ. ಏಟಿಯಂನಲ್ಲಿ ಲೋಹವೇ ನೀರು. ಅಲ್ಲಿ ಮಾತ್ರ ಇಂಧನ ಅನ್ನುವ ಮಾತು ಪೂರ್ತಿ ನಿಜ. ಬಳಸಿದಷ್ಟು ನಿಜವಾಗಿಯೂ ಕಡಿಮೆಯಾಗುತ್ತದೆ, ಅದಕ್ಕೇ ಎಲೆಂಡ್‌ನ ಸೈನಿಕರು ಕೊನೆಯ ಯುದ್ಧದಲ್ಲಿ ಇಡೀ ಏಟಿಯಂ ರಾಶಿಯನ್ನು ಉರಿಸಿ ಮುಗಿಸಿದ್ದು. ಅದು ತೂಬಾಗಿದ್ದರೆ ಉರಿಸಿ ರೂಯಿನ್‌ಗೆ ನಷ್ಟ ಮಾಡಲು ಆಗುತ್ತಿರಲಿಲ್ಲ. ಉಕ್ಕು ಎಷ್ಟು ಉರಿಸಿದರೂ ಪ್ರಿಸರ್ವೇಶನ್‌ಗೆ ಯಾರೂ ಹಾಗೆ ಪೆಟ್ಟು ಕೊಟ್ಟಿಲ್ಲ. ಹುಟ್ಟಿನಿಂದ ಶಕ್ತಿ ಇಲ್ಲದ ಎಲೆಂಡ್ ಲೆರಾಸಿಯಂ ಉರಿಸಲು ಆದದ್ದೂ ಇದರಿಂದಲೇ. ಅದು ಪ್ರಿಸರ್ವೇಶನ್‌ನ ಮೈ. ನೀರನ್ನೇ ಕುಡಿಯುವವನಿಗೆ ತೂಬು ಬೇಕಾಗಿಲ್ಲ.

ಮಂಜುದಾರಿ, ಮಡಿಕೇರಿ

ಗದ್ದೆಬದು, ನಿಮ್ಮ ಮಾತಿನ ಮೇಲೆ ಮಂಜಿನ ವಿಷಯ ಸೇರಿಸುತ್ತೇನೆ. ಇದನ್ನು ಬರೆಯಲು ಮಡಿಕೇರಿಯವರಿಗೆ ಹಕ್ಕಿದೆ.

ಜುಲೈನಲ್ಲಿ ರಾಜಾಸೀಟ್ ಹತ್ತಿರ ನಿಂತರೆ ಮುಂದಿನ ಮರ ಕಾಣುವುದಿಲ್ಲ. ಕಿಟಕಿ ತೆರೆದಿಟ್ಟರೆ ಮಂಜು ಮನೆಯೊಳಗೇ ಬರುತ್ತದೆ, ಬಟ್ಟೆ ಒಣಗುವುದಿಲ್ಲ, ಪುಸ್ತಕದ ಹಾಳೆ ಸುರುಟಿಕೊಳ್ಳುತ್ತದೆ. ಮಂಜು ಅಂದರೆ ನೀರಿನ ಹನಿ, ದಾರಿ ಸಿಕ್ಕ ಕಡೆ ನುಗ್ಗುತ್ತದೆ. ಆದರೆ ಆ ಕಥೆಯ ಮಂಜು ಮನೆಯೊಳಗೆ ಬರುವುದಿಲ್ಲ. ಬಾಗಿಲ ಹತ್ತಿರ ಬಂದು ಕರಗುತ್ತದೆ. ರಾತ್ರಿ ಬರುತ್ತದೆ, ಹಗಲು ಹೋಗುತ್ತದೆ. ಅಲೊಮ್ಯಾನ್ಸಿ ಬಳಸುವವರ ಸುತ್ತ ಸುಳಿಯುತ್ತದೆ. ಇಲ್ಲಿ ಬೆಳೆದವರಿಗೆ ಮೊದಲ ಪುಸ್ತಕದಲ್ಲೇ ಗೊತ್ತಾಗುತ್ತದೆ, ಇದು ಮಂಜಲ್ಲ, ಬೇರೇನೋ ಅಂತ. ಅದು ಪ್ರಿಸರ್ವೇಶನ್‌ನ ಶಕ್ತಿಯೇ ಆವಿಯ ರೂಪದಲ್ಲಿ ಇರುವುದು.

ಮೊದಲ ಪುಸ್ತಕದ ಕೊನೆಯಲ್ಲಿ ವಿನ್ ಲಾರ್ಡ್ ರೂಲರ್ ಎದುರು ಹೋರಾಡುವಾಗ ಮಂಜನ್ನೇ ಒಳಗೆಳೆದುಕೊಳ್ಳುತ್ತಾಳೆ. ಮೂರನೇ ಪುಸ್ತಕದಲ್ಲಿ ಇನ್‌ಕ್ವಿಸಿಟರ್ ಮಾರ್ಷ್ ಅವಳ ಓಲೆ ಕಿತ್ತ ಮೇಲೆ ಮತ್ತೆ ಆಗುತ್ತದೆ, ಈ ಸಲ ಪೂರ್ತಿ. ನೀರೇ ಗದ್ದೆಗೆ ಬಂದಾಗ ತೂಬು ಬೇಕಿಲ್ಲ, ಕೊಡುವ ಲೋಹವೂ ಬೇಕಿಲ್ಲ.

ಕಂಚಿನಗಂಟೆ, ಸೋಮವಾರಪೇಟೆ

ನನಗೊಂದು ಅನುಮಾನ ಉಳಿದಿದೆ. ಗದ್ದೆಬದು ಹೇಳಿದ್ದು ಮೂರು ಬೇರೆ ಬೇರೆ ವಿದ್ಯೆಗಳ ಹೋಲಿಕೆ. ಒಂದರಲ್ಲಿ ಲೋಹ ಹೊಟ್ಟೆಯಲ್ಲಿದೆ, ಒಂದರಲ್ಲಿ ಕೈಬಳೆಯಾಗಿದೆ, ಒಂದರಲ್ಲಿ ಮೈಗೆ ಹೊಡೆದಿದೆ. ಹೊಟ್ಟೆಯಲ್ಲಿ ಇದ್ದದ್ದಕ್ಕೇ ಕರಗಿತು ಅಂತ ಯಾರಾದರೂ ಹೇಳಿದರೆ? ಒಂದೇ ಲೋಹದ ತುಂಡನ್ನು ಎರಡೂ ರೀತಿ ಬಳಸಿ, ಒಂದರಲ್ಲಿ ಉಳಿದು ಇನ್ನೊಂದರಲ್ಲಿ ಮಾಯವಾದರೆ ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ.

ಗದ್ದೆಬದು, ಪೊನ್ನಂಪೇಟೆ

ಅಂಥದ್ದು ಕಥೆಯಲ್ಲೇ ಇದೆ. ಲಾರ್ಡ್ ರೂಲರ್ ಸಾವಿರ ವರ್ಷ ಬದುಕಿದ್ದು ಹೇಗೆ?

ಅವನಿಗೆ ಅಲೊಮ್ಯಾನ್ಸಿಯೂ ಇತ್ತು, ಫೆರುಕೆಮಿಯೂ ಇತ್ತು. ತನ್ನ ಯೌವನವನ್ನು ಲೋಹದಲ್ಲಿ ತುಂಬಿಡುತ್ತಿದ್ದ. ಬರೀ ಫೆರುಕೆಮಿಯ ದಾರಿಯಲ್ಲಿ ತೆಗೆದರೆ ಇಟ್ಟಷ್ಟೇ ಸಿಗುತ್ತದೆ, ಬಳೆ ಬಳೆಯಾಗಿಯೇ ಉಳಿಯುತ್ತದೆ. ಒಂದು ದಿನ ಮುದುಕನಾಗಿದ್ದು ಒಂದು ದಿನ ಯುವಕನಾಗಬಹುದು, ಒಟ್ಟು ಲೆಕ್ಕದಲ್ಲಿ ಲಾಭ ಸೊನ್ನೆ. ಅದರಿಂದ ಸಾವಿರ ವರ್ಷ ಬದುಕಲು ಆಗುವುದಿಲ್ಲ. ಅವನು ಮಾಡಿದ್ದು ಬೇರೆ. ತಾನೇ ತುಂಬಿಟ್ಟ ಲೋಹವನ್ನು ನುಂಗಿ ಅಲೊಮ್ಯಾನ್ಸಿಯಿಂದ ಉರಿಸಿದ. ಆಗ ಇಟ್ಟದ್ದಕ್ಕಿಂತ ಎಷ್ಟೋ ಪಟ್ಟು ಸಿಕ್ಕಿತು. ಆ ಹೆಚ್ಚಿನದನ್ನು ಬಳೆಗಳಲ್ಲಿ ತುಂಬಿಟ್ಟು ಬಳಸಿದ. ವಿನ್ ಆ ಬಳೆಗಳನ್ನು ಕಿತ್ತ ಕೂಡಲೇ ಮುದುಕನಾಗಿ ಬಿದ್ದದ್ದು ಅದಕ್ಕೆ.

ಅವನು ಯೌವನ ತುಂಬಿದ್ದು ಏಟಿಯಂನಲ್ಲಿ, ಅದು ದೈವಲೋಹ, ಆದ್ದರಿಂದ ಕೋವಿಮನೆ ಮತ್ತೆ ಹಿಡಿಯಬಹುದು. ಸರಿ, ಎರಡನೇ ಸರಣಿಯ ಖಳ ಮೈಲ್ಸ್‌ನನ್ನು ತೆಗೆದುಕೊಳ್ಳಿ. ಅವನಿಗೂ ಎರಡೂ ವಿದ್ಯೆ ಇದೆ, ಆದರೆ ಬರೀ ಚಿನ್ನದಲ್ಲಿ. ಚಿನ್ನದಲ್ಲಿ ತನ್ನ ಆರೋಗ್ಯ ತುಂಬುತ್ತಾನೆ, ತೆಗೆದರೆ ಇಟ್ಟಷ್ಟೇ ಸಿಗುತ್ತದೆ, ಚಿನ್ನ ಉಳಿಯುತ್ತದೆ. ಅದೇ ಚಿನ್ನವನ್ನು ನುಂಗಿ ಉರಿಸಿದರೆ ಗುಂಡು ತಾಗಿದ ಗಾಯವೂ ಆಗಿಂದಾಗಲೇ ಮಾಯುವಷ್ಟು ಆರೋಗ್ಯ ಬರುತ್ತದೆ, ಚಿನ್ನ ಹೋಗುತ್ತದೆ. ಅದೇ ಮನುಷ್ಯ, ಅದೇ ಲೋಹ, ತುಂಬಿದ್ದೂ ಅದೇ. ಇಟ್ಟಷ್ಟು ತೆಗೆದಾಗ ಲೋಹ ಉಳಿಯಿತು, ಹೆಚ್ಚು ಬಂದಾಗ ಲೋಹ ಹೋಯಿತು. ಹೊಟ್ಟೆಯಲ್ಲಿ ಇರುವುದು ಕಾರಣವಲ್ಲ, ಯಾಕೆಂದರೆ ನುಂಗಿದ ಲೋಹವನ್ನು ಉರಿಸದೆ ಬಿಟ್ಟರೆ ಅದು ಹಾಗೇ ಇರುತ್ತದೆ, ಅದಕ್ಕೇ ಅಲೊಮ್ಯಾನ್ಸರ್‌ಗಳು ಮಲಗುವ ಮೊದಲು ಉಳಿದದ್ದನ್ನು ಉರಿಸಿ ಮುಗಿಸುತ್ತಾರೆ, ಇಲ್ಲದಿದ್ದರೆ ಮೈಗೆ ವಿಷ.

ಮಂಜುದಾರಿ ಮೊದಲು ಹೇಳಿದ ಚಿನ್ನವೇ ಇದಕ್ಕೂ ಸಾಕ್ಷಿ. ಏನೂ ತುಂಬದ ಚಿನ್ನ ಉರಿಸಿದರೆ ಇನ್ನೊಂದು ಬದುಕಿನ ರೂಪ ಕಾಣುತ್ತದೆ. ಆರೋಗ್ಯ ತುಂಬಿದ ಚಿನ್ನ ಉರಿಸಿದರೆ ಆರೋಗ್ಯ ಬರುತ್ತದೆ. ನೀರು ಒಂದೇ ಕೆರೆಯದು, ತೂಬಿನ ಆಕಾರ ಬದಲಾಗಿದೆ.

ಕಂಚಿನಗಂಟೆ, ಸೋಮವಾರಪೇಟೆ

ಒಪ್ಪಿದೆ. ಹಾಗಾದರೆ ನನ್ನ ಕಂಚಿನ ಮಾತೂ ಇದರಲ್ಲೇ ಕೂರುತ್ತದೆ, ಲೋಹದ ಸ್ವಭಾವ ತೂಬಿನ ಆಕಾರ ತೀರ್ಮಾನಿಸುತ್ತದೆ. ಸತುವಿನ ನಂಟು ಏನು ಅಂತ ಯಾರಿಗಾದರೂ ಹೊಳೆದರೆ ಇಲ್ಲೇ ಬರೆಯಿರಿ, ನಾನು ಹಿತ್ತಾಳೆಯ ಕಡೆಯಿಂದ ಹುಡುಕುತ್ತಿದ್ದೇನೆ.